ಎರಡು ಬೇಸಿಗೆ ಹೂಳೆತ್ತಿದವರು ನಾವು, ಪೇಪರಲ್ಲಿ ಬಂದಿದ್ದು 'ಗ್ರಾಮಸ್ಥರು ಇದ್ದರು' ಅಂತ. ಪ್ರೆಸ್‌ನೋಟ್ ಬರೆಯೋದು ಹೇಗೆ?

ಕೆರೆಏರಿ:

ಎಲ್ಲರಿಗೂ ನಮಸ್ಕಾರ. ನಾನು ಶಿರಾ ತಾಲ್ಲೂಕಿನ ಒಂದು ಹಳ್ಳಿಯವನು. ನಮ್ಮೂರ ಕೆರೆ ಸಮಿತಿಗೆ ಕಾರ್ಯದರ್ಶಿ. ನನ್ನ ಹತ್ರ ಲ್ಯಾಪ್‌ಟಾಪ್ ಇದೆ ಅನ್ನೋದು ಬಿಟ್ಟರೆ ಈ ಹುದ್ದೆಗೆ ಬೇರೆ ಅರ್ಹತೆ ಇಲ್ಲ.

ಹನ್ನೊಂದು ವರ್ಷ ಆದ್ಮೇಲೆ ಈ ಸಲ ಕೆರೆ ತುಂಬಿ ಕೋಡಿ ಬಿತ್ತು. ಹೋದ ಭಾನುವಾರ ಗಂಗಾಪೂಜೆ ಮಾಡಿ ಬಾಗಿನ ಬಿಟ್ವಿ. ಅವತ್ತು ಸಂಜೆಯೇ ಎರಡು ಪುಟದ ಪ್ರೆಸ್‌ನೋಟ್ ಬರೆದು, ಲೆಟರ್‌ಹೆಡ್‌ನಲ್ಲಿ ಪ್ರಿಂಟ್ ತೆಗೆದು, ಅಧ್ಯಕ್ಷರ ಸಹಿ ಮಾಡಿಸಿ, ಸೀಲ್ ಹೊಡೆದು, ಮೊಬೈಲಲ್ಲಿ ಫೋಟೊ ತೆಗೆದು ಏಳು ಪತ್ರಿಕೆಯವರಿಗೆ ವಾಟ್ಸ್‌ಆ್ಯಪ್ ಮಾಡಿದೆ. ಆರು ಕಡೆ ಏನೂ ಬರಲಿಲ್ಲ. ಒಂದು ಕಡೆ ಬಂತು. ಪೂರ್ತಿ ಸುದ್ದಿ ಇಷ್ಟೇ:

"ತಾಲ್ಲೂಕಿನ ಗ್ರಾಮವೊಂದರ ಕೆರೆಗೆ ಶಾಸಕರು ಭಾನುವಾರ ಬಾಗಿನ ಅರ್ಪಿಸಿದರು. ಮುಖಂಡರು, ಗ್ರಾಮಸ್ಥರು ಇದ್ದರು."

ನಮ್ಮೂರ ಹೆಸರೂ ಇಲ್ಲ. ಎರಡು ಬೇಸಿಗೆ ಬಿಸಿಲಲ್ಲಿ ಹೂಳೆತ್ತಿದ ಜನ 'ಇದ್ದರು' ಆಗಿಬಿಟ್ವಿ. ಸಮಿತಿಯಲ್ಲಿ ಕೆಲವರು ವರದಿಗಾರರಿಗೆ ಕವರ್ ಕೊಡಬೇಕಿತ್ತು ಅಂತಿದ್ದಾರೆ. ನನಗೆ ಹಾಗನ್ನಿಸ್ತಿಲ್ಲ, ಬರೆದಿದ್ದರಲ್ಲೇ ಏನೋ ಎಡವಟ್ಟಾಗಿದೆ ಅಂತ ಅನುಮಾನ. ಇನ್ನು ಹತ್ತು ದಿನಕ್ಕೆ ಅಚ್ಚುಕಟ್ಟು ರೈತರ, ಅಂದ್ರೆ ಕೆರೆ ನೀರು ಹರಿಯೋ ಹೊಲದವರ ಸಭೆ ಇದೆ. ಅದಕ್ಕಾದರೂ ಸರಿಯಾಗಿ ಬರೀಬೇಕು. ಗೊತ್ತಿರೋರು ಹೇಳಿಕೊಡಿ.

ಕೆಂಪುಪೆನ್ನು:

ನಾಡಿ ನೋಡದೆ ಔಷಧಿ ಬರೆಯಲ್ಲ. ಕಳಿಸಿದ್ದನ್ನ ಇಲ್ಲಿ ಅಂಟಿಸಿ. ಹೆಸರುಗಳನ್ನ ತೆಗೆದುಬಿಡಿ.

ಕೆರೆಏರಿ:

ಇಗೋ. ನಗಬೇಡಿ.

"ಪರಮಪೂಜ್ಯ ಶ್ರೀ ಶ್ರೀ ಶ್ರೀ … ಮಹಾಸ್ವಾಮಿಗಳವರ ದಿವ್ಯ ಸಾನ್ನಿಧ್ಯದಲ್ಲಿ, ಜನಪ್ರಿಯ ಶಾಸಕರಾದ ಸನ್ಮಾನ್ಯ ಶ್ರೀ … ರವರ ಘನ ಅಧ್ಯಕ್ಷತೆಯಲ್ಲಿ, ಜಿಲ್ಲಾ ಪಂಚಾಯಿತಿ ಮಾಜಿ ಸದಸ್ಯರಾದ ಶ್ರೀ … ರವರ ಗೌರವ ಉಪಸ್ಥಿತಿಯಲ್ಲಿ, ಸಮಸ್ತ ಭಕ್ತಾದಿಗಳ ಸಹಕಾರದೊಂದಿಗೆ ಇಂದು ಬೆಳಗ್ಗೆ 10.30ರ ಶುಭ ಲಗ್ನದಲ್ಲಿ ಗಂಗಾಪೂಜೆ ಹಾಗೂ ಬಾಗಿನ ಸಮರ್ಪಣಾ ಕಾರ್ಯಕ್ರಮವು ಅತ್ಯಂತ ಅದ್ದೂರಿಯಾಗಿ ಹಾಗೂ ವಿಜೃಂಭಣೆಯಿಂದ ನೆರವೇರಿತು. ಜಲವೇ ಜೀವಾಳ. ನೀರಿಲ್ಲದೆ ಬದುಕಿಲ್ಲ…"

ಆಮೇಲೆ ನೀರಿನ ಮಹತ್ವದ ಬಗ್ಗೆ ಅರ್ಧ ಪುಟ, ಹದಿನೇಳು ಜನರ ಹೆಸರು, ಪೆಂಡಾಲ್ ಹಾಕಿದವರಿಗೆ ಧನ್ಯವಾದ. ಎರಡನೇ ಪುಟದ ಕೊನೆಗೆ:

"ಸದರಿ ಕೆರೆಯಲ್ಲಿ ಕಳೆದ ಎರಡು ಬೇಸಿಗೆಗಳಲ್ಲಿ ಗ್ರಾಮದ 64 ಕುಟುಂಬದವರು ಸ್ವಂತ ಖರ್ಚಿನಲ್ಲಿ ಸುಮಾರು 2,300 ಟ್ರ್ಯಾಕ್ಟರ್ ಲೋಡು ಹೂಳನ್ನು ತೆಗೆದು ತಮ್ಮ ಹೊಲಗಳಿಗೆ ಹೊಡೆಸಿಕೊಂಡಿರುತ್ತಾರೆ ಎಂಬುದನ್ನು ಈ ಸಂದರ್ಭದಲ್ಲಿ ಸ್ಮರಿಸಬಹುದಾಗಿದೆ."

ಕೆಂಪುಪೆನ್ನು:

ಸ್ಮರಿಸಬಹುದಾಗಿದೆಯಂತೆ! ಅಲ್ಲ ಸ್ವಾಮಿ, ಸುದ್ದಿ ಅಲ್ಲೇ ಕೂತಿದೆಯಲ್ಲ, ಚಪ್ಪಲಿ ಬಿಡೋ ಜಾಗದಲ್ಲಿ. ಸ್ವಾಮೀಜಿ, ಶಾಸಕರು, ಪೆಂಡಾಲಿನವರು ಎಲ್ಲರೂ ಒಳಗೆ ಜಮಖಾನದ ಮೇಲಿದ್ದಾರೆ, ನಿಮ್ಮ 64 ಮನೆಯವರು ಮಾತ್ರ ಹೊರಗೆ.

ನಾನು ಒಂದು ಜಿಲ್ಲಾ ಆವೃತ್ತಿಯ ಡೆಸ್ಕಿನಲ್ಲಿ ಮೂವತ್ತೊಂದು ವರ್ಷ ಕೂತು ಎದ್ದವನು. ನಿಮ್ಮ ಎರಡು ಪುಟ ಮೂರು ಸಾಲಾದದ್ದು ಹೇಗೆ ಅಂತ ಕಣ್ಣಿಗೆ ಕಟ್ಟಿದ ಹಾಗೆ ಹೇಳಬಲ್ಲೆ, ಯಾಕಂದ್ರೆ ಅಂಥ ಪಾಪ ನಾನೇ ಎಷ್ಟೋ ಮಾಡಿದ್ದೇನೆ.

ಸಂಜೆ ಆರೂವರೆ. ಆ ಹೊತ್ತಿಗೆ ನನ್ನ ಮುಂದೆ ನೂರು, ನೂರಿಪ್ಪತ್ತು ಪ್ರಕಟಣೆ ಬಿದ್ದಿರುತ್ತಿದ್ದವು. ಬ್ಯಾಂಕಿನ ಸರ್ವಸದಸ್ಯರ ಸಭೆ, ರಕ್ತದಾನ ಶಿಬಿರ, ವಿದ್ಯುತ್ ವ್ಯತ್ಯಯ, ಜಾತ್ರೆ, ಯಾರದೋ ಹುಟ್ಟುಹಬ್ಬಕ್ಕೆ ಆಸ್ಪತ್ರೆಯಲ್ಲಿ ಹಣ್ಣು ಹಂಚಿದ್ದು. ಒಂದೊಂದಕ್ಕೆ ಮೂರ್ನಾಲ್ಕು ನಿಮಿಷ ಸಿಕ್ಕರೆ ನಮ್ಮ ಪುಣ್ಯ. ಪುಟ ಕಟ್ಟಿ ಮುಗಿಯಿತು ಅನ್ನುವಾಗ ಜಾಹೀರಾತಿನವರು ಓಡಿಬರುತ್ತಾರೆ: 'ಸಾರ್, ಒಂದು ಶ್ರದ್ಧಾಂಜಲಿ, ಹತ್ತು ಸೆಂಟಿಮೀಟರು.' ಜಾಹೀರಾತು ಪುಟದ ತಳದಿಂದ ಮೇಲಕ್ಕೆ ಏರಿಕೊಂಡು ಬರುತ್ತೆ. ಅಲ್ಲಿದ್ದ ಸುದ್ದಿಗಳ ಬಾಲ ಕತ್ತರಿಸಲೇಬೇಕು. ತಲೆ ಕತ್ತರಿಸೋಕೆ ಓದಬೇಕಾಗುತ್ತೆ, ಬಾಲ ಕತ್ತರಿಸೋಕೆ ಓದೋದೇ ಬೇಡ. ನಿಮ್ಮ ಸುದ್ದಿ ಬಾಲದಲ್ಲಿತ್ತು. ಹೋಯ್ತು.

ಪತ್ರಿಕೋದ್ಯಮದ ತರಗತಿಯಲ್ಲಿ ಇದಕ್ಕೆ ತಲೆಕೆಳಗಾದ ಪಿರಮಿಡ್ ಅಂತ ಚಿತ್ರ ಬರೆದು ತೋರಿಸ್ತಾರೆ. ಮುಖ್ಯವಾದದ್ದು ಮೇಲೆ, ಉಳಿದದ್ದು ಇಳಿಯುತ್ತಾ ಇಳಿಯುತ್ತಾ ಕೆಳಗೆ. ನನಗೆ ಪಿರಮಿಡ್ ಬೇಡ. ಕೋಡಿ ಬಿದ್ದ ದಿನ ಕೆರೆ ಕಡೆಯಿಂದ ಮನೆಗೆ ಓಡಿ ಬಂದ ಹುಡುಗ ಏನಂತ ಕೂಗಿರ್ತಾನೆ? 'ಅಮ್ಮಾ, ಕೋಡಿ ಬಿತ್ತು!' ಅಂತ ತಾನೆ? 'ಪರಮಪೂಜ್ಯರ ದಿವ್ಯ ಸಾನ್ನಿಧ್ಯದಲ್ಲಿ' ಅಂತ ಯಾವ ಹುಡುಗನೂ ಉಸಿರುಗಟ್ಟಿ ಓಡಿ ಬರಲ್ಲ. ಆ ಹುಡುಗನ ಮೊದಲ ಮಾತೇ ನಿಮ್ಮ ಮೊದಲ ವಾಕ್ಯ.

ಈಗ ನಿಮ್ಮ ನೋಟನ್ನೇ ಹೀಗೆ ತಿರುವಿ ಹಾಕೋಣ:

"ಶಿರಾ: ತಾಲ್ಲೂಕಿನ … ಗ್ರಾಮದ 64 ಕುಟುಂಬಗಳು ಎರಡು ಬೇಸಿಗೆ ಸ್ವಂತ ಖರ್ಚಿನಲ್ಲಿ ಹೂಳೆತ್ತಿದ ಕೆರೆ 11 ವರ್ಷಗಳ ಬಳಿಕ ಕೋಡಿ ಬಿದ್ದಿದ್ದು, ಗ್ರಾಮಸ್ಥರು ಭಾನುವಾರ ಬಾಗಿನ ಅರ್ಪಿಸಿದರು."

ಒಂದೇ ವಾಕ್ಯ. ಯಾರು, ಎಲ್ಲಿ, ಏನು, ಯಾವಾಗ, ಅದರಲ್ಲಿ ವಿಶೇಷ ಏನು, ಎಲ್ಲಾ ಬಂತು. ಉಳಿದಿದ್ದನ್ನೆಲ್ಲ ಕತ್ತರಿಸಿದರೂ ಇದೊಂದು ಬದುಕುತ್ತೆ. ಎರಡನೇ ಪ್ಯಾರಾದಲ್ಲಿ ಹೂಳಿನ ಲೆಕ್ಕ, ಗೋಡುಮಣ್ಣು ಯಾರ ಹೊಲಕ್ಕೆ ಹೋಯ್ತು, ಖರ್ಚು ಹೇಗೆ ಹಂಚಿಕೊಂಡ್ರಿ. ಮೂರನೆಯದರಲ್ಲಿ ಹೂಳೆತ್ತಿದವರೊಬ್ಬರ ಮಾತು. ಕೊನೆಗೆ ಸ್ವಾಮೀಜಿ, ಶಾಸಕರು. ಒಟ್ಟು ಇನ್ನೂರು ಪದ ದಾಟಬೇಡಿ.

ಗಣ್ಯರ ಹೆಸರು ಬೇಡ ಅಂತಲ್ಲ. ಅವರ ಋಣ ನಿಮಗಿದೆ, ಒಪ್ಪಿದೆ. ಆದರೆ ಋಣ ತೀರಿಸೋಕೆ ಆಹ್ವಾನ ಪತ್ರಿಕೆ ಇದೆ, ಫ್ಲೆಕ್ಸ್ ಇದೆ, ವಂದನಾರ್ಪಣೆ ಇದೆ. ನಿಮ್ಮ ಋಣ ಓದುಗನಿಗೆ ಸುದ್ದಿಯಲ್ಲ. ಹಾಗೆ ನೋಡಿದರೆ ಸ್ಥಳೀಯ ಪುಟ ಓದೋನು ಹೆಸರನ್ನೇ ಹುಡುಕೋದು. ಅವನಿಗೆ ಬೇಕಾದ್ದು ಟ್ರ್ಯಾಕ್ಟರ್ ಓಡಿಸಿದವನ ಹೆಸರು, ಪಕ್ಕದ ಬೀದಿಯವಳ ಹೆಸರು. ನಾವು ಅದನ್ನ ಬಿಟ್ಟು ದಿನಾ ಪೇಪರಲ್ಲಿ ಬರೋರ ಹೆಸರನ್ನೇ ಇನ್ನೊಮ್ಮೆ ಹಾಕ್ತೀವಿ.

'ಜಲವೇ ಜೀವಾಳ' ಇತ್ಯಾದಿ ಅರ್ಧ ಪುಟ ಪೂರ್ತಿ ಹೊಡೆದು ಹಾಕಿ. ಶಿರಾ ಸೀಮೆಯವರಿಗೆ ನೀರಿನ ಬೆಲೆ ಪ್ರೆಸ್‌ನೋಟ್ ಹೇಳಿಕೊಡಬೇಕಾ? 'ಅದ್ದೂರಿ', 'ವಿಜೃಂಭಣೆ' ಇವೂ ಹೋಗಲಿ. ಡೆಸ್ಕಿನವರ ಕಣ್ಣಿಗೆ ಈ ಪದಗಳು ಬೀಳೋದೇ ಇಲ್ಲ, ಬೆರಳು ತಾನಾಗಿ ಅಳಿಸುತ್ತೆ.

ಕೊನೆಗೊಂದು ಪ್ರಶ್ನೆ. 'ಸುಮಾರು 2,300' ಅಂದ್ರಲ್ಲ, ಯಾರು ಎಣಿಸಿದ್ದು?

ತಾಲ್ಲೂಕುಸುದ್ದಿ:

ನಾನು ಇನ್ನೊಂದು ಜಿಲ್ಲೆಯಲ್ಲಿ ಅರೆಕಾಲಿಕ ವರದಿಗಾರ. ಕವರ್ ವಿಷಯ ಮೊದಲು ಮುಗಿಸ್ತೀನಿ. ಕೊಡಬೇಡಿ. ತಗೊಳ್ಳೋರು ಇಲ್ಲ ಅಂತ ಸುಳ್ಳು ಹೇಳಲ್ಲ. ಆದ್ರೆ ಒಮ್ಮೆ ಕೊಟ್ಟರೆ ಪ್ರತಿ ಬಾಗಿನಕ್ಕೂ ಕೊಡ್ತಾನೇ ಇರಬೇಕು. ಸುದ್ದಿ ಎಷ್ಟುದ್ದ ಬರಬೇಕು ಅನ್ನೋದು ಡೆಸ್ಕಿನವರ ಕೈಲಿರೋದು, ಕವರ್ ಅಲ್ಲಿವರೆಗೂ ಹೋಗಲ್ಲ.

ನಿಮ್ಮ ಸುದ್ದಿ ಆರು ಕಡೆ ಯಾಕೆ ಬರಲಿಲ್ಲ ಅಂತ ನಾನು ಹೇಳ್ತೀನಿ. ಸಹಿ ಸೀಲು ಹಾಕಿ, ಓರೆಯಾಗಿ ಫೋಟೊ ತೆಗೆದು ಕಳಿಸಿದ್ರಲ್ಲ? ಅಷ್ಟನ್ನೂ ನಾನು ಮೊಬೈಲಲ್ಲಿ ಹೆಬ್ಬೆರಳಲ್ಲಿ ಕುಟ್ಟಬೇಕು. ಹೊಲದ ಕೆಲಸ ಮುಗಿಸಿ ಬಂದಿರ್ತೀನಿ, ಇನ್ನೂ ನಾಲ್ಕು ಸುದ್ದಿ ಬಾಕಿ ಇರುತ್ತೆ. ಮೂರು ಸಾಲು ಕುಟ್ಟಿ ಬಿಡ್ತೀನಿ. ಮೂರು ಸಾಲು ಹಾಕಿದ ಆ ಪುಣ್ಯಾತ್ಮ ನಿಮ್ಮ ನೋಟಿನ ಮೊದಲ ಮೂರು ಸಾಲು ಓದಿದ್ದಾನೆ, ಅಲ್ಲಿದ್ದದ್ದನ್ನೇ ಹಾಕಿದ್ದಾನೆ. ಅವನ ತಪ್ಪೇನಿದೆ?

ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಮೆಸೇಜಿನಲ್ಲೇ, ಇಮೇಲ್ ಆದ್ರೆ ಇಮೇಲಿನ ಒಡಲಲ್ಲೇ ಅಂಟಿಸಿ. ಸಹಿ ಇರೋ ಪ್ರತಿ ಬೇಕಾದ್ರೆ ಜೊತೆಗಿರಲಿ, ನಾಳೆ ಯಾರಾದ್ರೂ ತಕರಾರು ತೆಗೆದರೆ ನಮಗೂ ಆಧಾರ. ಯೂನಿಕೋಡ್ ಅಲ್ಲದ ಹಳೇ ನುಡಿ ಫಾಂಟಿನ ಫೈಲ್ ಮಾತ್ರ ಬೇಡ. ನನ್ನ ಫೋನಲ್ಲಿ ಅದು ಇಂಗ್ಲಿಷ್ ಅಕ್ಷರದ ಮೇಲೆ ಸೊಳ್ಳೆ ಸತ್ತು ಬಿದ್ದ ಹಾಗೆ ಕಾಣುತ್ತೆ. ಪರಿವರ್ತಕಕ್ಕೆ ಹಾಕಿದ್ರೆ ಅರ್ಕಾವತ್ತು ಎಲ್ಲೋ ಹೋಗಿ ಕೂರುತ್ತೆ. ಒಂದ್ಸಲ ಹೀಗೇ ಒತ್ತಕ್ಷರ ಉದುರಿ 'ಭಕ್ತರು' ಹೋಗಿ 'ಭಕರು' ಆಗಿ, ದೇವಸ್ಥಾನದ ಸಮಿತಿಯವರ ಮುಂದೆ ತಲೆ ತಗ್ಗಿಸಿ ನಿಂತಿದ್ದೆ.

ಫೋಟೊ: ವಾಟ್ಸ್‌ಆ್ಯಪಲ್ಲಿ ಡಾಕ್ಯುಮೆಂಟ್ ಅಂತ ಕಳಿಸಿ, ಇಲ್ಲಾಂದ್ರೆ ಅದು ಹಿಂಡಿ ಸಣ್ಣದು ಮಾಡಿಬಿಡುತ್ತೆ. ಬ್ಯಾನರ್ ಹಿಡಿದು ಹದಿನಾಲ್ಕು ಜನ ಸಾಲಾಗಿ ನಿಂತಿರೋದು ಬೇಡ. ಕೋಡಿ ಮೇಲೆ ನೀರು ಹರೀತಿರೋದು, ಅದರಲ್ಲಿ ಕಾಲು ಇಳಿಬಿಟ್ಟುಕೊಂಡು ಕೂತ ಒಬ್ಬ ಮುದುಕಿ ಇದ್ರೆ ಸಾಕು. ಭಾನುವಾರದ ಕಾರ್ಯಕ್ರಮ ಅಂದ್ರೆ ನಿಮ್ಮ ಅದೃಷ್ಟ. ಅವತ್ತು ಸರ್ಕಾರಿ ಕಚೇರಿಗೆಲ್ಲ ರಜೆ, ಸೋಮವಾರದ ಪುಟ ಸುದ್ದಿಗೆ ಬಾಯಿ ಬಿಟ್ಟುಕೊಂಡಿರುತ್ತೆ. ಆದ್ರೆ ಮಧ್ಯಾಹ್ನ ಮೂರಕ್ಕೆ ಕಳಿಸಿ, ಊಟ ಬಡಿಸಿ ಪೆಂಡಾಲ್ ಬಿಚ್ಚಿದ ಮೇಲೆ ಅಲ್ಲ.

ಕೆರೆಏರಿ:

ಇಬ್ಬರಿಗೂ ಕೈ ಮುಗಿದೆ.

ಲೋಡಿನ ಲೆಕ್ಕ: ನಮ್ಮೂರಲ್ಲಿ ಒಬ್ಬರು ವಯಸ್ಸಾದವರಿದ್ದಾರೆ, ಮಣ್ಣು ಹೊರೋಕಾಗಲ್ಲ. 'ನಾನು ಲೆಕ್ಕ ಬರೀತೀನಿ' ಅಂತ ಎರಡು ಬೇಸಿಗೆಯೂ ಏರಿ ಮೇಲಿನ ಹುಣಸೆಮರದ ಕೆಳಗೆ ಕೂತು, ಮೊಮ್ಮಗನ ಹಳೇ ನೋಟ್‌ಬುಕ್ಕಿನಲ್ಲಿ ಲೋಡಿಗೊಂದು ಗೀಟು ಹಾಕಿದ್ದಾರೆ. ನಾಲ್ಕು ಗೀಟು, ಅಡ್ಡಕ್ಕೊಂದು. ನಿನ್ನೆ ರಾತ್ರಿ ಕೂತು ಎಣಿಸಿದೆ. 2,214. ಸಮಿತಿಯವರು ಚೆನ್ನಾಗಿ ಕಾಣ್ಲಿ ಅಂತ 2,300 ಮಾಡಿದ್ದು.

ಕೆಂಪುಪೆನ್ನು:

ನೋಡಿ, ಎರಡು ಪುಟ ಬರೆದು ಇದನ್ನ ಬಿಟ್ಟಿದ್ದೀರಿ! 2,214 ಅಂತಲೇ ಬರೀರಿ. 'ಸುಮಾರು 2,300' ಅಂದ್ರೆ ಯಾರೋ ಬಾಯಿಗೆ ಬಂದದ್ದು ಹೇಳಿದ್ದಾರೆ ಅಂತ ಡೆಸ್ಕಿನವನು ಅಂದುಕೊಳ್ತಾನೆ. 2,214 ಅಂದ್ರೆ ಎಲ್ಲೋ ಒಂದು ಪುಸ್ತಕ ಇದೆ ಅಂತ ಗೊತ್ತಾಗುತ್ತೆ. ಆ ಪುಸ್ತಕದ ಒಂದು ಪುಟದ ಫೋಟೊ ತೆಗೆದು ಕಳಿಸಿ. ನಾನು ಡೆಸ್ಕಿನಲ್ಲಿದ್ದಿದ್ರೆ ಶಾಸಕರ ಫೋಟೊ ಕಿತ್ತು ಅದನ್ನ ಹಾಕಿರ್ತಿದ್ದೆ.

ಅಂದಹಾಗೆ ಸಭೆ ಯಾವುದರದ್ದು? 'ಅಚ್ಚುಕಟ್ಟು ರೈತರ ಸಭೆ' ಅಂದ್ರೆ ಸುದ್ದಿ ಅಲ್ಲ. ಸಭೆಯಲ್ಲಿ ಏನು ಆಗುತ್ತೆ ಅನ್ನೋದು ಸುದ್ದಿ.

ಕೆರೆಏರಿ:

ನೀರು ಹಂಚೋದು ಹೇಗೆ ಅಂತ ತೀರ್ಮಾನ. ಅಚ್ಚುಕಟ್ಟು 110 ಎಕರೆ. ಮೇಲಿನವರು ಭತ್ತ ಹಾಕಿದ್ರೆ ಕೆಳಗಿನವರಿಗೆ ತೂಬಿನ ನೀರು ತಲುಪಲ್ಲ. ಅದಕ್ಕೆ ಈ ಸಲ ಎಲ್ಲರೂ ರಾಗಿ ಅಂತ ಮಾತಾಗಿದೆ. ಮತ್ತೆ ಹೊಲಗಳಿಗೆ ನೀರು ಹಂಚಿ ಬಿಡೋ ನೀರಗಂಟಿಯನ್ನ ನೇಮಿಸ್ತೀವಿ. ಕೆರೆ ಒಣಗಿದ ಮೇಲೆ ಆ ಕೆಲಸವೇ ನಿಂತುಹೋಗಿತ್ತು. ಎಕರೆಗೆ ಹತ್ತು ಸೇರು ರಾಗಿ ಅವರ ಪಾಲು.

ಇನ್ನೊಂದು ವಿಷಯ ಇದೆ, ಸಮಿತಿಯವರು ಬರೀಬೇಡ ಅಂದಿದ್ದಾರೆ. ತೂಬಿನ ಹತ್ರ ಸಣ್ಣಗೆ ಸೋರ್ತಿದೆ. ಎಂಜಿನಿಯರ್ ಬಂದು ನೋಡಿ, ಮರಳು ಚೀಲ ಹಾಕಿಸಿ, ಏರಿಗೆ ಸದ್ಯಕ್ಕೆ ಅಪಾಯ ಇಲ್ಲ, ನೀರು ಇಳಿದ ಮೇಲೆ ತೂಬಿನ ಕಲ್ಲು ಬದಲಾಯಿಸಬೇಕು ಅಂದಿದ್ದಾರೆ. ಆದ್ರೆ ಕೆಳಗಿನ ಊರಿನ ವಾಟ್ಸ್‌ಆ್ಯಪ್ ಗುಂಪಲ್ಲಿ 'ಏರಿ ಒಡೆಯುತ್ತೆ' ಅಂತ ಓಡಾಡ್ತಿದೆ.

ಪ್ರಕಟಣೆಪದ್ಮ:

ಬೆಂಗಳೂರಿನಲ್ಲಿ ಕಂಪನಿಗಳಿಗೆ ಪ್ರೆಸ್ ರಿಲೀಸ್ ಬರೆದು ಹೊಟ್ಟೆ ಹೊರೆಯೋಳು ನಾನು. ಇಷ್ಟು ಹೊತ್ತು ಸುಮ್ಮನೆ ಓದ್ತಿದ್ದೆ, ಸೋರಿಕೆ ಅಂದ ಕೂಡಲೇ ತಡೆಯೋಕಾಗಲಿಲ್ಲ. ದಯವಿಟ್ಟು ಅದನ್ನ ನೋಟಿನಲ್ಲಿ ಹಾಕಿ.

ನಮ್ಮ ಕಸುಬಿನ ಮೂಲ ಕಥೆಯೇ ಇದು. 1906ರ ಅಕ್ಟೋಬರ್‌ನಲ್ಲಿ ಅಮೆರಿಕದ ಅಟ್ಲಾಂಟಿಕ್ ಸಿಟಿ ಹತ್ರ ರೈಲೊಂದು ಸೇತುವೆಯಿಂದ ನೀರಿಗೆ ಬಿದ್ದು ಐವತ್ತಕ್ಕೂ ಹೆಚ್ಚು ಜನ ಸತ್ತರು. ಅಂಥದ್ದಾದಾಗ ಪತ್ರಕರ್ತರನ್ನ ಹತ್ರ ಸೇರಿಸದೆ ಬಾಗಿಲು ಹಾಕಿಕೊಳ್ಳೋದು ಆಗಿನ ರೈಲ್ವೆ ಕಂಪನಿಗಳ ರೂಢಿ. ಪೆನ್ಸಿಲ್ವೇನಿಯಾ ರೈಲ್‌ರೋಡ್ ಪರವಾಗಿ ಕೆಲಸ ಮಾಡ್ತಿದ್ದ ಐವಿ ಲೀ ಅನ್ನೋನು ಉಲ್ಟಾ ಮಾಡಿದ. ಏನಾಯ್ತು ಅಂತ ಕಂಪನಿಯಿಂದಲೇ ಬರೆಸಿ ಹಂಚಿದ, ವರದಿಗಾರರನ್ನ ಜಾಗಕ್ಕೆ ಕರಕೊಂಡು ಹೋಗೋ ಏರ್ಪಾಡು ಮಾಡಿದ. ನ್ಯೂಯಾರ್ಕ್ ಟೈಮ್ಸ್ ಆ ಹೇಳಿಕೆಯನ್ನ ಅಕ್ಷರ ಬದಲಿಸದೆ ಹಾಕ್ತು. ಇದನ್ನೇ ಮೊದಲ ಪ್ರೆಸ್ ರಿಲೀಸ್ ಅಂತ ನಮ್ಮೋರು ಹೇಳಿಕೊಳ್ಳೋದು. (ಆಮೇಲೆ ಇದೇ ಕಸುಬಿನಲ್ಲಿ ಬಣ್ಣ ಬಳಿಯೋದೇ ಜಾಸ್ತಿ ಆಯ್ತು, ಅದು ನನ್ನ ತಿಂಗಳ ಸಂಬಳದ ವಿಚಾರ, ಬಿಡಿ.)

ನೀವು ಬರೀದಿದ್ರೆ 'ಏರಿ ಒಡೆಯುತ್ತೆ' ಅನ್ನೋದೊಂದೇ ಊರಲ್ಲಿ ಉಳಿಯುತ್ತೆ. ಸೋರ್ತಿದೆ, ಎಂಜಿನಿಯರ್ ನೋಡಿದ್ದಾರೆ, ಹೀಗೆ ಹೇಳಿದ್ದಾರೆ, ಮುಂದೆ ಇದು ಮಾಡ್ತೀವಿ. ನಾಲ್ಕು ವಾಕ್ಯ ಸಾಕು, ಒಂದೂ ವಿಶೇಷಣ ಬೇಡ. ಎಂಜಿನಿಯರ್ ಮಾತನ್ನ ಅವರಿಗೆ ಒಮ್ಮೆ ಓದಿ ಹೇಳಿ, ಒಪ್ಪಿಗೆ ತಗೊಂಡು ಹಾಕಿ.

ಕೆರೆಏರಿ:

ಸಮಿತಿಯಲ್ಲಿ ಒಂದು ಗಂಟೆ ಜಗಳ ಆಯ್ತು. ಕೊನೆಗೆ ಹಾಕೋಣ ಅಂದ್ರು. ಭಾನುವಾರ ಮಧ್ಯಾಹ್ನ ಸಭೆ ಮುಗಿದ ಕೂಡಲೇ ಕಳಿಸೋಕೆ ಇಷ್ಟು ಮೊದಲೇ ಬರೆದಿಟ್ಟಿದ್ದೇನೆ, ತೀರ್ಮಾನ ಬೇರೆ ಆದ್ರೆ ತಿದ್ದುತ್ತೇನೆ:

"ಶಿರಾ: 11 ವರ್ಷಗಳ ಬಳಿಕ ತುಂಬಿದ ತಾಲ್ಲೂಕಿನ … ಕೆರೆಯ ನೀರು ಹಂಚಲು ಗ್ರಾಮಸ್ಥರು ಮತ್ತೆ ನೀರಗಂಟಿಯನ್ನು ಇಂದು ನೇಮಿಸಿದ್ದಾರೆ. ಕೊನೆಯ ಹೊಲಕ್ಕೂ ನೀರು ತಲುಪಲೆಂದು ಈ ಬಾರಿ ಭತ್ತ ಕೈಬಿಟ್ಟು, 110 ಎಕರೆಯಲ್ಲೂ ರಾಗಿ ಬೆಳೆಯಲು ತೀರ್ಮಾನಿಸಿದ್ದಾರೆ.

ನೀರಗಂಟಿಗೆ ಎಕರೆಗೆ 10 ಸೇರು ರಾಗಿ ನೀಡಲಾಗುವುದು. ಗ್ರಾಮದ 64 ಕುಟುಂಬಗಳು ಎರಡು ಬೇಸಿಗೆಯಲ್ಲಿ 2,214 ಟ್ರ್ಯಾಕ್ಟರ್ ಲೋಡು ಹೂಳನ್ನು ಸ್ವಂತ ಖರ್ಚಿನಲ್ಲಿ ತೆಗೆದಿದ್ದವು.

ತೂಬಿನ ಬಳಿ ನೀರು ಸೋರುತ್ತಿದೆ. ಎಂಜಿನಿಯರ್ ಪರಿಶೀಲಿಸಿದ್ದು, ಏರಿಗೆ ಸದ್ಯ ಅಪಾಯವಿಲ್ಲ ಎಂದಿದ್ದಾರೆ. ಮರಳು ಚೀಲ ಹಾಕಲಾಗಿದೆ. ನೀರು ಇಳಿದ ನಂತರ ತೂಬಿನ ಕಲ್ಲು ಬದಲಿಸಲಾಗುವುದು."

ಕೊನೆಗೆ ಅಧ್ಯಕ್ಷರ ಹೆಸರು, ಅವರ ಫೋನ್ ನಂಬರು.

ಕೆಂಪುಪೆನ್ನು:

ಇದನ್ನ ಓದಿ ಕೆಂಪು ಪೆನ್ನಿನ ಮುಚ್ಚಳ ಹಾಕಿದೆ. ಎರಡೇ ಮಾತು.

'ಇಂದು' ತೆಗೆದು 'ಭಾನುವಾರ' ಮಾಡಿ. ಪೇಪರ್ ಓದೋದು ಸೋಮವಾರ, ಅವನ 'ಇಂದು' ಬೇರೆ. ಮುಂದೆ ಆಗೋ ಕಾರ್ಯಕ್ರಮ ಆದ್ರೆ ವಾರ, ತಾರೀಕು ಎರಡೂ ಬರೆದು, ಕ್ಯಾಲೆಂಡರ್ ತೆಗೆದು ಹೊಂದುತ್ತಾ ಅಂತ ನೋಡಿ. '14ರ ಶನಿವಾರ' ಅಂತ ಬರೆದು, 14 ಭಾನುವಾರ ಆಗಿದ್ದರೆ, ಯಾವುದು ಸರಿ ಅಂತ ಕೇಳೋಕೆ ಯಾರೂ ಫೋನ್ ಮಾಡಲ್ಲ. ನೋಟೇ ಬುಟ್ಟಿಗೆ.

ಎರಡನೆಯದು ಫೋನ್ ನಂಬರು. ಅಧ್ಯಕ್ಷರು ಫೋನ್ ಎತ್ತುತ್ತಾರಾ? ಡೆಸ್ಕಿನವನಿಗೆ ಅನುಮಾನ ಬರೋದು ಸಂಜೆ ಏಳರ ಮೇಲೆ. ಆಗ ಎತ್ತಿ, ಲೆಕ್ಕ ಗೊತ್ತಿದ್ದು ಉತ್ತರ ಹೇಳೋರ ನಂಬರ್ ಕೊಡಿ. ಅಂದ್ರೆ ನಿಮ್ಮದು.

ಕೆರೆಏರಿ:

ಸೋಮವಾರದ ಸಮಾಚಾರ. ಮೂರು ಪತ್ರಿಕೆಯಲ್ಲಿ ಬಂತು. ಒಂದರಲ್ಲಿ ಎರಡು ಕಾಲಂ, 'ಕೆರೆ ನೀರು ಹಂಚಲು ಮತ್ತೆ ಬಂದ ನೀರಗಂಟಿ' ಅಂತ ತಲೆಬರಹ, ಗೀಟು ಹಾಕಿದ ನೋಟ್‌ಬುಕ್ಕಿನ ಫೋಟೊ. ರಾತ್ರಿ 7.40ಕ್ಕೆ ಫೋನ್ ಬಂದಿತ್ತು: 'ಸೇರು ಅಂದ್ರೆ ಈಗಿನ ಲೆಕ್ಕದಲ್ಲಿ ಎಷ್ಟು ಕೆ.ಜಿ.?' ಅಂತ. ನನಗೇ ಗೊತ್ತಿರಲಿಲ್ಲ, ಅಮ್ಮನ್ನ ಕೇಳಿ ಹೇಳಿದೆ. ಸೋರಿಕೆ ವಿಷಯ ಮೂವರೂ ಹಾಕಿದ್ದಾರೆ. ಕೆಳಗಿನ ಊರಿಂದ ಇಬ್ಬರು ಬಂದು ಮರಳು ಚೀಲ ನೋಡಿಕೊಂಡು, ಟೀ ಕುಡಿದು ಹೋದ್ರು. ಇನ್ನೊಂದು ಪೇಪರಲ್ಲಿ 2,214 ಲೋಡು 214 ಆಗಿದೆ. ಗೀಟು ಹಾಕಿದ ತಾತ ಆ ಪೇಪರ್ ಹಿಡಕೊಂಡು ಬೆಳಗ್ಗೆಯಿಂದ ನಮ್ಮನೆ ಜಗಲಿ ಮೇಲೆ ಕೂತಿದ್ದಾರೆ.

ಅಧ್ಯಕ್ಷರ ಹೆಸರು ಕೊನೇ ಸಾಲಲ್ಲಿತ್ತು, ಮೂರರಲ್ಲೂ ಕತ್ತರಿಸಿದ್ದಾರೆ. ನನ್ನ ಜೊತೆ ಮಾತು ಬಿಟ್ಟಿದ್ದಾರೆ.

ತಾಲ್ಲೂಕುಸುದ್ದಿ:

214 ಹಾಕಿದವರಿಗೆ ಇವತ್ತೇ ಫೋನ್ ಮಾಡಿ, ಜಗಳ ಆಡದೆ ಹೇಳಿ. ತಿದ್ದುಪಡಿ ಹಾಕ್ತಾರೆ. ತಾತನನ್ನ ಪಕ್ಕದಲ್ಲೇ ಕೂರಿಸಿಕೊಂಡು ಮಾಡಿ.

ಕೆಂಪುಪೆನ್ನು:

ಅಧ್ಯಕ್ಷರಿಗೆ ಉಪಾಯ ಇದೆ. ತೂಬು ಎತ್ತಿ ಮೊದಲ ನೀರು ಬಿಡೋ ದಿನ ಅವರನ್ನೂ ನೀರಗಂಟಿಯನ್ನೂ ಕಾಲುವೆಯಲ್ಲಿ ಮೊಣಕಾಲುದ್ದ ನೀರಲ್ಲಿ ನಿಲ್ಲಿಸಿ ಫೋಟೊ ತೆಗೆಯಿರಿ. ಕೆಳಗೆ ಒಂದೇ ಸಾಲಿನ ಅಡಿಬರಹ, ಎಡದಿಂದ ಇಬ್ಬರ ಹೆಸರೂ. ಸುದ್ದಿಯ ಬಾಲ ನಾವು ಕತ್ತರಿಸ್ತೀವಿ, ಫೋಟೊದ ಅಡಿಬರಹ ಮುಟ್ಟಲ್ಲ.